ಊಟದ ಮೇಜಿನ ಮೇಲೊಂದು ರೇಸು

ಶತ್ರುವಿಗೂ ಬೇಡ ಎನ್ನುತ್ತಾರಲ್ಲ, ಆ ಪಾಡು ನನ್ನದು. ನನಗೆ ಕಾರು ಓಡಿಸಲು ಬಾರದು; ಹೆಂಡತಿಗೆ ಬರುತ್ತದೆ. ದಿನವೂ ಬೆಳಿಗ್ಗೆ ಅವಳು ಸ್ಟೀರಿಂಗ್ ಹಿಡಿಯುತ್ತಾಳೆ, ನಾನು ಪಕ್ಕದಲ್ಲಿ ಅವಳ ಕೈಚೀಲ ಹಿಡಿಯುತ್ತೇನೆ. ಕಚೇರಿಯ ಬಾಗಿಲಲ್ಲಿ ಇಳಿಸಿ, "ಸಂಜೆ ಇಲ್ಲೇ ನಿಂತಿರಿ, ಎಲ್ಲೆಲ್ಲೋ ಅಲೀಬೇಡಿ" ಎಂದು ಎಲ್ಲರೆದುರು ಅಪ್ಪಣೆ ಕೊಡಿಸಿ ಹೋಗುತ್ತಾಳೆ. ನನ್ನ ಕೆಲಸವೋ, ವಾಹನ ವಿಮೆಯ ಕಚೇರಿಯಲ್ಲಿ ಅಪಘಾತದ ಅರ್ಜಿಗಳ ವಿಚಾರಣೆ. ಕಾರನ್ನು ಎಷ್ಟು ಬಗೆಯಲ್ಲಿ ಗುದ್ದಬಹುದೆಂದು ನನಗಿಂತ ಬಲ್ಲವರಿಲ್ಲ. ಗುದ್ದದೆ ಓಡಿಸುವುದೊಂದು ತಿಳಿಯದು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೇನೆ.

ಆಗ ಹೊಳೆಯಿತು ದಿವ್ಯವಾದ ಉಪಾಯ: ಕಾರ್ ರೇಸಿನ ವಿಡಿಯೊ ಗೇಮ್! ಜಗತ್ತೇ ಆಡುವ ಗೇಮು. ನಿಜವಾದ ಕಾರುಗಳು, ನಿಜವಾದ ತಿರುವುಗಳು. ಟೈರು ಸವೆದರೂ ಕೈಗೆ ತಿಳಿಯುತ್ತದಂತೆ. ಸ್ಟೀರಿಂಗು, ಪೆಡಲು ಎಲ್ಲ ತಂದು ಟಿವಿಯೆದುರಿನ ಊಟದ ಮೇಜಿಗೆ ಬಿಗಿದೆ.

"ಮಂಚದ ಮೇಲೆ ಕೈಕಾಲು ಬಡಿದು ಈಜು ಕಲಿತೋರು ಯಾರಾದ್ರೂ ಇದ್ದಾರೇನ್ರೀ?" ಎಂದಳು ಹೆಂಡತಿ.

"ಇದು ಸಿಮ್ಯುಲೇಷನ್ ಕಣೇ. ನಿನಗೆ ಅರ್ಥವಾಗಲ್ಲ."

"ಊಟ ಎಲ್ಲಿ ಮಾಡೋದು ಅನ್ನೋದೊಂದು ಅರ್ಥವಾಗ್ತಿಲ್ಲ."

ಅದೂ ನಿಜವೇ. ನನ್ನ ಕಾರು ಕಲ್ಲು ಹತ್ತಿದರೆ ಸ್ಟೀರಿಂಗ್ ನಡುಗುತ್ತದೆ, ಜೊತೆಗೆ ಮೇಜು, ಮೇಜಿನ ಜೊತೆಗೆ ತಟ್ಟೆ ಲೋಟ. ನಮ್ಮ ಅತ್ತೆಯವರು (ಮಗಳ ಮನೆಗೆ ನಾಲ್ಕು ದಿನಕ್ಕೆಂದು ಬಂದವರು, ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ) ತಟ್ಟೆಯನ್ನು ಕೈಯಲ್ಲೇ ಹಿಡಿದು ನನ್ನ ರೇಸು ನೋಡುತ್ತ ಉಣ್ಣತೊಡಗಿದರು. ಒಂದು ದಿನ, "ಅಳಿಯಂದ್ರೇ, ನಾನೂ ಒಂದ್ಸಲ ಕೂರ್ಲಾ?" ಎಂದರು.

ಕೂರಿಸಿದೆ. ಅತ್ತೆ ಮೊದಲು ಗೇಮಿನ ಕಾರಿನ ಕನ್ನಡಿ ನೋಡಿದರು. ಹಿಂದಿನಿಂದ ಧಾವಿಸಿ ಬಂದ ರೇಸುಕಾರುಗಳಿಗೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಪಾಪ, ಅವರಿಗೇನು ಅವಸರವೋ!" ಉಳಿದವರು ಗೆದ್ದು ಕಪ್ಪು ಎತ್ತುವಾಗ ಇವರಿನ್ನೂ ಮೊದಲ ತಿರುವಿನಲ್ಲಿ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಕಾರನ್ನು ಹಿಂದಿನಿಂದ ನೋಡುತ್ತ ಓಡಿಸುವ ನೋಟವೊಂದು ಗೇಮಿನಲ್ಲಿದೆ. ನಮ್ಮ ಕಾರು ಇಡಿಯಾಗಿ ಕಾಣುವುದರಿಂದ ಬಲು ಸುಲಭ. ನಾನು ಓಡಿಸುತ್ತಿದ್ದದ್ದೇ ಹಾಗೆ. ಅತ್ತೆಗೂ ಹೇಳಿಕೊಡಲು ಹೋದೆ.

"ಬೇಡಪ್ಪ. ಕಾರಿನ ಹಿಂದೆ ಓಡೋಕೆ ನಾನೇನು ಬೀದಿನಾಯಿಯೇ? ಒಳಗೇ ಕೂರ್ತೀನಿ."

ಕೆಲವೇ ವಾರಗಳಲ್ಲಿ ನಾನು ರೇಸುವೀರನಾದೆ. ಮೂರನೆಯ ಪರೀಕ್ಷೆಗೆ ದಿನ ಗೊತ್ತುಮಾಡಿದೆ. ಹೆಂಡತಿ, ಅತ್ತೆ ಇಬ್ಬರೂ ಹೊರಟರು. ನನ್ನ ದಿಗ್ವಿಜಯವನ್ನು ಕಣ್ತುಂಬಿಕೊಳ್ಳಲು ಎಂದುಕೊಂಡೆ.

ಇನ್ಸ್‌ಪೆಕ್ಟರು ಪಕ್ಕದಲ್ಲಿ ಕುಳಿತರು. ಕಾರು ಚಲಿಸಿತು. ಚಲಿಸಿದೊಡನೆ ಗೊತ್ತಾಯಿತು: ನನ್ನ ಕಾರು ನನಗೆ ಕಾಣುತ್ತಿಲ್ಲ! ಮೂತಿ ಎಲ್ಲಿಗೆ ಮುಗಿಯಿತು, ಬಾಲ ಎಲ್ಲಿ ಉಳಿಯಿತು, ಒಂದೂ ತಿಳಿಯದು. ನೋಟ ಬದಲಿಸುವ ಗುಂಡಿಗಾಗಿ ಹೆಬ್ಬೆರಳು ತಡಕಾಡಿ ಹಾರ್ನ್ ಬಾರಿಸಿತು.

"ಯಾಕ್ರೀ ಹಾರ್ನು? ಎದುರಿಗೆ ಯಾರೂ ಇಲ್ವಲ್ಲ!"

"ಕಾರಿನ ಹಿಂಭಾಗ ಕಾಣ್ತಿಲ್ಲ ಸಾರ್."

"ಒಳಗೆ ಕೂತ್ರೆ ಯಾರಿಗೆ ಕಾಣುತ್ತೆ? ರಿವರ್ಸ್ ತಗೊಳ್ಳಿ."

ರಿವರ್ಸ್! ರೇಸಿನಲ್ಲಿ ಹಿಂದಕ್ಕೆ ಹೋದವರುಂಟೇ? ಕಿಟಕಿಯಿಂದ ಅರ್ಧ ಮೈ ಹೊರಹಾಕಿ ನನ್ನ ಕಾರನ್ನು ನಾನೇ ಹಿಂದಿನಿಂದ ನೋಡಲು ಪ್ರಯತ್ನಿಸಿದೆ. ಧಡಾರ್! ಸಾಲಾಗಿ ನಿಲ್ಲಿಸಿದ್ದ ಡ್ರಮ್ಮುಗಳು ಉರುಳಿದವು. (ಇದರ ಅರ್ಜಿ ಕಚೇರಿಯಲ್ಲಿ ನನ್ನ ಮೇಜಿಗೆ ಬಂದಿದ್ದರೆ "ಚಾಲಕನದೇ ತಪ್ಪು" ಎಂದು ಕಣ್ಣುಮುಚ್ಚಿ ಬರೆಯುತ್ತಿದ್ದೆ.)

ತಲೆ ತಗ್ಗಿಸಿ ಇಳಿದೆ. "ಮುಂದಿನೋರು ಬನ್ನಿ" ಎಂದರು ಇನ್ಸ್‌ಪೆಕ್ಟರು. ಬೆಂಚಿನಿಂದ ಎದ್ದದ್ದು ನಮ್ಮ ಅತ್ತೆ!

"ಏನೇ ಇದು?" ಎಂದು ಹೆಂಡತಿಯನ್ನು ಕೇಳಿದೆ.

"ಬೆಳಿಗ್ಗೆ ನೀವು ಗೊರಕೆ ಹೊಡೀತಿರೋವಾಗ ನಾವು ವಾಕಿಂಗ್ ಹೋಗ್ತಿದ್ವಿ ಅಂದ್ಕೊಂಡ್ರಾ? ಆ ಆಟ ಆಡಿ ಅಮ್ಮನ ಭಯ ಹೋಯ್ತು. ಮೈದಾನಕ್ಕೆ ಕರ್ಕೊಂಡು ಹೋಗಿ ನಾನೇ ಕಲಿಸಿದೆ."

"ಮತ್ತೆ ನನಗ್ಯಾಕೆ ಕಲಿಸಲಿಲ್ಲ?"

"ನೀವು ಕೇಳಿದ್ರಾ?"

ಅತ್ತೆ ಕನ್ನಡಿ ನೋಡಿದರು, ಆಮೆಯ ಹಾಗೆ ಸಾಗಿದರು, ರಿವರ್ಸಿನಲ್ಲಿ ಬಂದು ಡ್ರಮ್ಮುಗಳ ನಡುವೆ ತಣ್ಣಗೆ ನಿಂತರು. ಇನ್ಸ್‌ಪೆಕ್ಟರು ಕೈಮುಗಿಯುವುದೊಂದು ಬಾಕಿ.

ಹೊರಡುವಾಗ ಹೆಂಡತಿ ಕೀಲಿಕೈಯನ್ನು ಅಮ್ಮನ ಕೈಗಿತ್ತಳು. ನಾನು ಅಭ್ಯಾಸಬಲದಿಂದ ಮುಂದಿನ ಬಾಗಿಲು ತೆರೆದೆ.

"ಹಿಂದೆ ಕೂತ್ಕೊಳ್ಳಿ. ಹೊಸಬರ ಪಕ್ಕ ಓಡಿಸೋಕೆ ಬರೋರು ಇರ್ಬೇಕು" ಎಂದಳು ಹೆಂಡತಿ.

ಚಾಲಕನ ಸೀಟಿಗೆ ಕೈಚಾಚಿದವನು ಇದ್ದ ಸೀಟನ್ನೂ ಕಳೆದುಕೊಂಡೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಅತ್ತೆ ಗೇರು ಹಾಕಿದರು. ನಮ್ಮನ್ನು ಒಂದು ಸೈಕಲ್ಲು ದಾಟಿಹೋಯಿತು, ಆಮೇಲೆ ತಳ್ಳುಗಾಡಿಯೊಂದು ದಾಟಿಹೋಯಿತು. ನನ್ನೊಳಗಿನ ರೇಸುವೀರನಿಗೆ ತಡೆಯಲಾಗಲಿಲ್ಲ.

"ಅತ್ತೆ, ಸ್ವಲ್ಪ ಬೇಗ..."

"ಅಳಿಯಂದ್ರೇ," ಎಂದರು ಅತ್ತೆ, ರಸ್ತೆಯಿಂದ ಕಣ್ಣು ಕೀಳದೆ, "ಲೈಸೆನ್ಸ್ ಇಲ್ದೋರು ಮಾತಾಡ್ಬಾರ್ದು."