ಬಟ್ಟಲು ತೂರದ ಕಿಟಕಿಗೆ

ನಾಸಿಕ, ಏಪ್ರಿಲ್ 1968

ನಮ್ಮ ಅಡುಗೆಮನೆಯ ಪಡುಗೋಡೆಯನ್ನು ಅಲಂಕರಿಸಿರುವ, ಓರೆ ಪಟ್ಟಿಗಳ ನವೀನ ಕಿಟಕಿ ಕದ ಮಹಾಶಯರ ಸನ್ನಿಧಿಗೆ ಪಂಚವಟಿಯ ಹೋಟೆಲು ಮಾಲೀಕ ಉಮಾನಾಥನ ಸಾಷ್ಟಾಂಗ ನಮಸ್ಕಾರಗಳು. ಈ ಬಹಿರಂಗ ಪತ್ರವನ್ನು ತಮ್ಮ ಮೈಗೇ ಅಂಟಿಸುವವನಿದ್ದೇನೆ, ಕ್ಷಮಿಸಬೇಕು.

ಮಾನ್ಯರೇ,

ತಾವು ಕ್ಷೇಮವೆಂದು ಕಣ್ಣಾರೆ ಕಾಣುತ್ತಿದ್ದೇನೆ, ನಾವು ಕ್ಷೇಮವಲ್ಲ. ಸಾಗವಾನಿಯ ಮೈ, ತಿಳಿಹಸಿರು ಬಣ್ಣ, ಬಿಸಿಲನ್ನು ಹೊರಗೇ ನಿಲ್ಲಿಸಿ ಗಾಳಿಯನ್ನು ಮಾತ್ರ ಒಳಗೆ ಕರೆಯುವ ಜಾಣ್ಮೆ, ಇವಕ್ಕೆಲ್ಲ ಮರುಳಾಗಿ, ಕ್ಯಾಲೆಂಡರಿನ ಬಂಗಲೆಯ ಚಿತ್ರ ತೋರಿಸಿ ತಮ್ಮನ್ನು ಮಾಡಿಸಿದೆ. ಚಿತ್ರದಲ್ಲಿ ತಾವು ಮುಚ್ಚಿಯೇ ಇದ್ದುದರಿಂದ, ಆಧುನಿಕ ಮನೆಯಲ್ಲಿ ಕಿಟಕಿ ತೆರೆಯುವುದೇ ಅನಾಗರಿಕವೆಂದು ತಿಳಿದು, ಬಿಜಾಗರಿ ಬೇಡ, ಮೊಳೆ ಹೊಡೆ ಎಂದು ಬಡಗಿಗೆ ಅಪ್ಪಣೆ ಕೊಟ್ಟ ಮಹಾನುಭಾವನೂ ನಾನೇ.

ಆದರೆ ಸ್ವಾಮೀ, ತಮಗಿಂತ ಮೊದಲು ಅಲ್ಲಿದ್ದ ಎರಡು ಹಲಗೆಯ, ಸರಳಿಲ್ಲದ ಮುದಿ ಕಿಟಕಿಗೆ ಒಂದು ಉದ್ಯೋಗವಿತ್ತು. ಓಣಿಯಾಚೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಶಾಂತಾಬಾಯಿಯವರ ಅಡುಗೆಮನೆ. ನನ್ನ ಹೆಂಡತಿ ರಾಜೀವಿ ಉಡುಪಿ ಕಡೆಯಿಂದ ಬಂದ ಹೊಸತರಲ್ಲಿ, ಮರಾಠಿಯ ಒಂದಕ್ಷರ ಬಾರದೆ ಅಳುತ್ತ ಕೂತಿದ್ದಾಗ, ಆ ಕಿಟಕಿಯಿಂದ ಒಂದು ಬಟ್ಟಲು ಆಮಟಿ, ಅವರ ಕಡೆಯ ಬೇಳೆಸಾರು, ಬಂತು. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ಮರುದಿನ ಇಲ್ಲಿಂದ ಹುಳಿ ಹೋಯಿತು. ಹನ್ನೊಂದು ವರ್ಷ ಅದೊಂದೇ ಬಟ್ಟಲು ಓಡಾಡಿತು. ಅದರ ಜೊತೆಗೇ ರಾಜೀವಿಗೆ ಮರಾಠಿಯೂ ಬಂತು, ನಗುವೂ ಬಂತು. ಈ ಸಲದ ಪಾಡ್ವಾಕ್ಕೆ, ಅಂದರೆ ನಮ್ಮ ಯುಗಾದಿಗೆ, ಶ್ರೀಖಂಡ ತಂದ ಬಟ್ಟಲು ನಮ್ಮಲ್ಲಿರುವಾಗಲೇ ತಾವು ದಯಮಾಡಿಸಿದಿರಿ. "ಇದು ನನ್ನ ಮುಖಕ್ಕೇ ಜಡಿದ ಕದ" ಎಂದುಕೊಂಡ ಶಾಂತಾಬಾಯಿಯವರು ಅಂದಿನಿಂದ ಈ ಕಡೆಗೆ ಬೆನ್ನು ಹಾಕಿ ಅಡುಗೆ ಮಾಡುತ್ತಾರೆ. ತಮ್ಮ ಪಟ್ಟಿಗಳ ಸಂದಿನಿಂದ ರಾಜೀವಿ ದಿನವೂ ಆ ಬೆನ್ನನ್ನೇ ನೋಡುತ್ತಾಳೆ.

ಬಟ್ಟಲನ್ನು ಅವರ ಮುಂಬಾಗಿಲಿಗೇ ಹೋಗಿ ಕೊಟ್ಟು ಬಾ ಎಂದೆ. "ಮುಚ್ಚಿದ್ದು ನೀವು. ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದವಳು ಹದಿನೆಂಟು ದಿನದಿಂದ ಮಾತಾಡಿಲ್ಲ. ಊರಿಗೆಲ್ಲ ಊಟ ಬಡಿಸುವವನು ಮನೆಯಲ್ಲಿ ಗಂಜಿ ಕುಡಿಯುತ್ತಿದ್ದೇನೆ, ಉಪ್ಪಿನಕಾಯಿ ಕೇಳುವ ಧೈರ್ಯವೂ ಇಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ದಿನಕ್ಕೊಮ್ಮೆ, ಹನ್ನೊಂದು ಗಂಟೆಗೆ, ಒಂದು ಬಟ್ಟಲಿನಷ್ಟು ಅಗಲವಾಗಬೇಕು. ಸಾರು ಚೆಲ್ಲದಂತೆ ತಮ್ಮ ಓರೆಯನ್ನು ತಿದ್ದಿಕೊಳ್ಳಬೇಕು. ಅದಾಗದಿದ್ದರೆ ತಾವೇ ಮರಾಠಿ ಕಲಿತು, ತಪ್ಪು ಉಮಾನಾಥನದು, ರಾಜೀವಿಯದಲ್ಲ ಎಂದು ಆಚೆ ಮನೆಗೆ ತಿಳಿಸಬೇಕು. ನನಗೆ ಹೇಳಲು ನಾಚಿಕೆ.

ತಮ್ಮನ್ನು ಆರಿಸಿ ತಂದ ಪಾಪಿ, ಆದರೂ
ತಮ್ಮ ವಿಶ್ವಾಸಿ,
ಉಮಾನಾಥ

ತಾ.ಕ.: ಅಂಟು ಹಚ್ಚುವ ಮೊದಲೇ ರಾಜೀವಿ ಇದನ್ನು ಓದಿದಳು. ತೆಂಗಿನಕಾಯಿ ಒಡೆಯುವ ಕತ್ತಿಯಿಂದ ತಮ್ಮ ಮೊಳೆಗಳನ್ನೆಲ್ಲ ಮೀಟಿ, ತಮ್ಮನ್ನು ನನ್ನ ತಲೆಯ ಮೇಲೆ ಹೊರಿಸಿ, "ನಿಮಗೆ ಮರಾಠಿ ಬರ್ತದಲ್ಲ, ಹೋಗಿ ಹೇಳಿ" ಎಂದಳು. ಹೋಗಿ ಹೇಳಿದೆ. ಈಗ ತಾವು ಶಾಂತಾಬಾಯಿಯವರ ಮಾಳಿಗೆಯ ಮೇಲೆ ಅಂಗಾತ ಮಲಗಿದ್ದೀರಿ. ತಮ್ಮ ಮೇಲೆ ಬಟ್ಟೆ ಹಾಸಿ ಇಬ್ಬರೂ ಸೇರಿ ಅರ್ಧಕ್ಕೆ ಅವರ ಗೋಧಿ ಕುರಡಯಿ, ಅರ್ಧಕ್ಕೆ ನಮ್ಮ ಸಂಡಿಗೆ ಒಣಹಾಕಿದ್ದಾರೆ. ಮೇಲಿಂದ ಬಿಸಿಲು, ಕೆಳಗಿಂದ ಗಾಳಿ, ತಾವು ನಿಜಕ್ಕೂ ನವೀನರು. ಕಾಗೆ ಓಡಿಸಲು ಪಕ್ಕದಲ್ಲಿ ನನ್ನನ್ನು ಕೂರಿಸಿದ್ದಾರೆ.