ಎರಡು ಸೇರು ಪೆಟ್ರೋಲು

ಗರ್ರ್... ಗರ್ರ್... ಬೆಳಗಾಗುತ್ತಲೇ ಬೀದಿಯ ತಿರುವಿನಲ್ಲಿ ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಿಂದ ಓಡುವ ಮಾನ್ವಿಯ ಬಸ್ಸಿನ ಒಲೆಗೆ ಗಾಳಿ ಹಾಕುವ ಸದ್ದು. ರಾಯಚೂರಿನ ವಕೀಲ ಪ್ರಾಣೇಶರಾಯರು ಚಹಾದ ಬಟ್ಟಲು ಕೆಳಗಿಟ್ಟು, ಇನ್ನು ತಮ್ಮ ಮನೆಯವರು ಅಂಥ ಮಸಿ ಬಸ್ಸು ಹತ್ತುವುದಿಲ್ಲವೆಂದು ಸಾರಿದರು. ಕಾರು ಕೊಳ್ಳುವುದು, ಹೆಂಡತಿ ಅಹಲ್ಯಾಬಾಯಿಯನ್ನು ಬೆಳಿಗ್ಗೆ ದೇವದುರ್ಗದ ತವರಿಗೆ ಕರೆದೊಯ್ದು, ತಾಯಿಯ ಮುಖ ತೋರಿಸಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ತರುವುದು!

“ನಾಕು ದಿನ ಇದ್ದು ಬಂದ್ರ ಆಗೂದಿಲ್ಲೇನ್ರಿ?” ಎಂದು ಅಹಲ್ಯಾಬಾಯಿ ಕೇಳಿದರು. ಮೂರು ವರ್ಷದಿಂದಲೂ ಕೇಳುತ್ತಿದ್ದರು.

ನೀನಿಲ್ಲದ ಮನೆಯಲ್ಲಿ ಒಂದು ದಿನವೂ ಇರಲಾರೆ ಎಂದರು ರಾಯರು. ಅದು ನಿಜವೇ, ಬಚ್ಚಲ ಹಂಡೆಗೆ ಉರಿ ಹಾಕುವುದು ಯಾವ ಕಡೆಯಿಂದ ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಯುದ್ಧದ ಕಾಲ. ಪೆಟ್ರೋಲಿಗೆ ತಿಂಗಳಿಗಿಷ್ಟೇ ಎಂದು ಕೂಪನ್ನು. ಮಾರಾಟಕ್ಕಿದ್ದ ಎರಡು ಕಾರುಗಳೋ ಅವಳಿ ಜವಳಿ: ಒಂದೇ ಕಂಪನಿ, ಒಂದೇ ವರ್ಷ, ಒಂದೇ ಬೆಲೆ. ಬಣ್ಣ ಮಾತ್ರ ಒಂದಕ್ಕೆ ಹಸಿರು, ಒಂದಕ್ಕೆ ಕರಿ. ಯಾವುದು ಕಡಿಮೆ ಕುಡಿಯುತ್ತದೆ ಎಂಬುದೇ ಪ್ರಶ್ನೆ. ಒಂದು ತಿಂಗಳ ಕೂಪನ್ನಿನಲ್ಲಿ ದೇವದುರ್ಗಕ್ಕೆ ಹೋಗಿಯೂ ಬರಬೇಕಲ್ಲ!

ರಾಯರು ಶಾಸ್ತ್ರೋಕ್ತವಾಗಿ ವಿಚಾರಣೆ ಏರ್ಪಡಿಸಿದರು. ಎರಡೂ ಟ್ಯಾಂಕು ಬರಿದು ಮಾಡಿ, ತಲಾ ಎರಡು ಸೇರು ಪೆಟ್ರೋಲು ಹಾಕಿ, ಮಾಲೀಕರೇ ಕಲ್ಮಲದ ದಾರಿಯಲ್ಲಿ ಓಡಿಸುವುದು. ಹೆಚ್ಚು ದೂರ ಹೋದದ್ದು ಗೆದ್ದಂತೆ. ಇಬ್ಬರಿಗೂ ಒಟ್ಟಿಗೇ ಅಳೆದು ಕೊಡಲೆಂದು ಅಡುಗೆಮನೆಯ ಎರಡೂ ಸೇರು ಹೊರಗೆ ಬಂದವು. ಒಂದು ಈ ಮನೆಯದು. ಇನ್ನೊಂದು ಅಹಲ್ಯಾಬಾಯಿ ತವರಿನಿಂದ ತಂದದ್ದು, ನಾಲ್ಕೈದು ಹಿಡಿ ಹೆಚ್ಚೇ ಹಿಡಿಯುವಂಥದ್ದು. ಇಪ್ಪತ್ತು ವರ್ಷ ಅದರಲ್ಲಿ ಅಳೆದ ಅಕ್ಕಿಯನ್ನುಂಡ ರಾಯರಿಗೆ ಈ ಸಂಗತಿ ತಿಳಿಯದು. ದೊಡ್ಡ ಸೇರು ಕರಿ ಕಾರಿನ ಪಾಲಿಗೆ ಬಂತು. ಬಾಗಿಲಲ್ಲಿ ನಿಂತಿದ್ದ ಅಹಲ್ಯಾಬಾಯಿ ಬಾಯಿ ತೆರೆದರು. ಏನೋ ಯೋಚಿಸಿ ಮುಚ್ಚಿದರು.

ಹಸಿರು ಕಾರು ಕಲ್ಮಲದ ಹೊರಗೇ ನಿಂತಿತು. ಕರಿಯದು ಊರು ದಾಟಿ ಕೂಗಳತೆಯಷ್ಟು ಮುಂದೆ ಹೋಗಿ ಉಸಿರು ಬಿಟ್ಟಿತು. ಟಾಂಗಾದಲ್ಲಿ ಹಿಂದೆ ಬಂದ ರಾಯರು, ಕರಿಯದೇ ಗೆದ್ದಿತು, ಈ ಲೆಕ್ಕದಲ್ಲಿ ಒಂದು ತಿಂಗಳ ಕೂಪನ್ನು ದೇವದುರ್ಗಕ್ಕೆ ಹೋಗಿ ಬರಲು ಸಾಕು ಎಂದು ರಸ್ತೆಯಲ್ಲೇ ತೀರ್ಪು ಕೊಟ್ಟರು. ವಾದಿ ಪ್ರತಿವಾದಿಗಳಿಬ್ಬರನ್ನೂ ಎತ್ತುಗಳು ಎಳೆದು ತಂದವು. ಸೇರುಗಳನ್ನು ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ವಾರವಿಡೀ ಮನೆಯ ಅನ್ನ ಪೆಟ್ರೋಲು ನಾರಿತು. ಗೆದ್ದ ಕಾರು ಕೊಂಡ ಖುಷಿಯಲ್ಲಿ ರಾಯರು ಎರಡನೆಯ ಸಲ ಬಡಿಸಿಕೊಂಡು ಉಂಡರು.

ಹೊಸ ತಿಂಗಳ ಕೂಪನ್ನೆಲ್ಲ ಟ್ಯಾಂಕಿಗೆ ಸುರಿದು ದೇವದುರ್ಗ ತಲುಪಿದ್ದಾಯಿತು. ಅತ್ತೆಯ ಮನೆಯ ಮುಂದೆ ಡ್ರೈವರ್ ಮೌನಪ್ಪ ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ನೋಡಿದ. ತುದಿಯಷ್ಟೇ ಒದ್ದೆ.

“ವಾಪಸ್ ಹೋಗಾಕ ಸಾಲೂದಿಲ್ರಿ, ಸಾಹೇಬ್ರ. ಅರ್ಧ ದಾರಿನೂ ಮುಟ್ಟೂದಿಲ್ಲ.”

ಹೇಗೆ ಸಾಧ್ಯ, ಕೈಯಾರೆ ಅಳೆದಿದ್ದೇನಲ್ಲ ಎಂದು ರಾಯರು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ಅಹಲ್ಯಾಬಾಯಿ ಗಂಟು ಇಳಿಸುತ್ತ, ಆ ಎರಡು ಸೇರುಗಳು ಒಂದೇ ಅಳತೆಯವಲ್ಲವೆಂದು ಮೆಲ್ಲಗೆ ತಿಳಿಸಿದರು.

“ಗೊತ್ತಿತ್ತೇನು ನಿನಗ? ಮತ್ತ ಆವತ್ತ ಯಾಕ ಹೇಳಲಿಲ್ಲ?”

“ನೀವು ಹೋಗಿ ಬರೂದು ಅಳದ್ರಿ. ನಾ ಹೋಗೂದಷ್ಟ ಅಳದೆ.” ಮುಂದಿನ ಕೂಪನ್ನಿಗೆ ಇನ್ನೂ ಇಪ್ಪತ್ತಾರು ದಿನವಿತ್ತು. ಒಳಗಿನಿಂದ ತಾಯಿಯ ದನಿ ಕೇಳುತ್ತಲೇ ಅಹಲ್ಯಾಬಾಯಿ ಸೆರಗು ಸರಿಮಾಡಿಕೊಂಡರು. “ಹಂಗ ನಿಂದ್ರಬ್ಯಾಡ್ರಿ, ಕಾಲು ತೊಳಕೊಂಡು ಬರ್ರಿ. ಅವ್ವ ನಿಮಗಂತನ ಇವತ್ತ...” ಎನ್ನುತ್ತ, ಮಾತು ಮುಗಿಸದೆಯೇ ಹೊಸಿಲು ದಾಟಿ ನಡೆದುಬಿಟ್ಟರು.