ಕಲ್ಲುಗುಡ್ಡೆ ಪಾಲಿಗೆ ಬಾರದ ಸಂಕಟ

ಹೊಟ್ಟೆಕಿಚ್ಚಿಗೆ ದೂರದ ಕಣ್ಣಿಲ್ಲ ಎಂಬುದು ನನ್ನ ಅನುಭವ. ಮೈಸೂರಿನ ಅರಮನೆಯ ತೋಟ ನೋಡಿ ನನಗೆ ಯಾವತ್ತೂ ಸಂಕಟವಾಗಿಲ್ಲ. ಅಲ್ಲಿಯ ಹೂವು ನೋಡಿ ಖುಷಿಪಟ್ಟು, ಐಸ್‌ಕ್ರೀಮು ತಿಂದು, ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದವಳು ನಾನು. ಆದರೆ ಎದೆಮಟ್ಟದ ಗೋಡೆಯಾಚೆ ನಮ್ಮ ಜಯಕ್ಕನ ಕಲ್ಲುಗುಡ್ಡೆಯ ಮೇಲೆ ಒಂದು ಮೊಗ್ಗು ಬಿರಿದರೂ ಸಾಕು, ಅವತ್ತು ನಮ್ಮ ಮನೆಯ ಸಾರಿಗೆ ಉಪ್ಪು ಹೆಚ್ಚಾಗುತ್ತದೆ. ಜಯಕ್ಕ ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಅರಕೆರೆಯ ಹೆಣ್ಣು. ಕೆಟ್ಟವಳೇನಲ್ಲ. ಕೆಟ್ಟವಳಾಗಿದ್ದರೆ ನನ್ನ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

ಅಣ್ಣತಮ್ಮಂದಿರು ಹಿತ್ತಲು ಪಾಲು ಮಾಡಿಕೊಂಡಾಗ ಜಾಗ ಎರಡು ತುಂಡಾಯಿತು. ಒಂದು ಕಡೆ ಕೈಹಾಕಿದರೆ ಬೆಣ್ಣೆಯಂತೆ ಬರುವ ಕಪ್ಪು ಮಣ್ಣು. ಇನ್ನೊಂದು ಕಡೆ ಕುಂತಿಬೆಟ್ಟದಿಂದ ಮುರಿದುಬಿದ್ದ ಮರಿಯಂತೆ ಕೂತಿದ್ದ ಕಲ್ಲುಗುಡ್ಡೆ. ಹಿರಿಯವಳು ಮೊದಲು ಆರಿಸಲಿ ಎಂದು ಅತ್ತೆ ಹೇಳಿದರು. ಜಯಕ್ಕ ಒಂದು ಗಳಿಗೆ ಯೋಚಿಸಿ, ಶಶಿಗೆ ಸೊಪ್ಪುಸೆದೆ ಬೆಳೆಯೋ ಆಸೆ ಇದೆ, ಮಣ್ಣು ಅವಳಿಗಿರಲಿ ಎಂದುಬಿಟ್ಟಳು. ನಾನು ಮುಖದಲ್ಲಿ ಕೃತಜ್ಞತೆ ತೋರಿಸಿ, ಒಳಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ. ಪಾಪ, ಕಲ್ಲು ಇಟ್ಟುಕೊಂಡು ಏನು ಮಾಡುತ್ತಾಳೆ ಅಂತ.

ಏನು ಮಾಡಿದಳೆಂದರೆ, ಕಲ್ಲಿನ ಸಂದುಸಂದಿಗೆ ಬೊಗಸೆ ಬೊಗಸೆ ಮರಳುಮಣ್ಣು ತುಂಬಿ, ಸಿಕ್ಕಿದ ಕಡ್ಡಿಗಳನ್ನೆಲ್ಲ ಚುಚ್ಚಿದಳು. ಮರುವರ್ಷ ಯುಗಾದಿ ಕಳೆದು ಬಿಸಿಲು ಏರಿದಾಗ, ನನ್ನ ಕಪ್ಪು ಮಣ್ಣಿನ ಬೆಂಡೆ, ಬದನೆಗಳೆಲ್ಲ ತಲೆ ಕೆಳಗೆ ಹಾಕಿಕೊಂಡು ನಿಂತಿದ್ದವು. ಗೋಡೆಯಾಚೆ ಮಾತ್ರ ಮದುವೆಮನೆ. ಬಂಡೆಯ ಮೈತುಂಬ ಟೇಬಲ್ ರೋಸು ರತ್ನಗಂಬಳಿ ಹಾಸಿತ್ತು. ಬುಡ ದಪ್ಪಗಿದ್ದ ಅಡೇನಿಯಮ್ಮುಗಳು ಎಲೆಗಿಂತ ಹೆಚ್ಚು ಹೂವು ಹೊತ್ತಿದ್ದವು. ಮೊದಲ ಮಳೆ ಬಿದ್ದದ್ದೇ ತಡ, ಮಳೆಲಿಲ್ಲಿಗಳು ಕಲ್ಲಿನ ಬಿರುಕಿನಿಂದ ಇಣುಕಿದವು. ಕೆಂಪು ಚೆಂಡಿನಂಥ ಮೇ ಫ್ಲವರ್ ತುದಿಯಲ್ಲಿ ನಿಂತು ನೇರವಾಗಿ ನಮ್ಮ ಅಡುಗೆಮನೆಯ ಕಿಟಕಿಯನ್ನೇ ನೋಡುತ್ತಿತ್ತು. ಊರವರು ಬಂದು ಸೆಲ್ಫಿ ತೆಗೆದುಕೊಳ್ಳತೊಡಗಿದರು. ಕೆಲವರಂತೂ ನಮ್ಮ ಬದನೆ ಪಾತಿಯಲ್ಲೇ ಕಾಲಿಟ್ಟು ನಿಂತು, ಇಲ್ಲಿಂದ ಚೆನ್ನಾಗಿ ಬರ್ತದೆ ಎಂದು ಫೋಟೋ ಹೊಡೆದರು.

ಇದನ್ನು ಸಹಿಸಲಾಗದೆ ನಾನೂ ಕಲ್ಲು ತರಿಸಿದೆ. ಸಂತೆಬಾಚಹಳ್ಳಿಯಲ್ಲಿ ನಮ್ಮ ನೆಂಟರೊಬ್ಬರು ಹೊಲದಿಂದ ಎತ್ತಿಹಾಕಿದ್ದ ಕಲ್ಲುಗಳನ್ನು ಟ್ರಾಕ್ಟರಿನಲ್ಲಿ ಹೇರಿಸಿಕೊಂಡು ಬಂದು, ಆ ಬೆಣ್ಣೆಯಂಥ ಮಣ್ಣಿನ ಮೇಲೆ ಸುರಿಸಿದೆ. ನನ್ನ ಗಂಡ ಬಹಳ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಅಲ್ಲ ಕಣಮ್ಮಿ, ನಮ್ ತಾತ ಈ ಜಾಗದಾಗೆ ಕಲ್ಲು ಆಯ್ದೂ ಆಯ್ದೂ ಸತ್ತೋದ. ನೀನು ವಾಪಸ್ ತಂದು ಆಕ್ತಿದ್ದೀಯಲ್ಲ" ಅಂದರು. ರಾಕ್ ಗಾರ್ಡನ್ ಎಂದರೇನೆಂದು ನಾನು ಅವರಿಗೆ ಮೇಡಂ ಗತ್ತಿನಲ್ಲೇ ವಿವರಿಸಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು, ನನಗೆ ಗೊತ್ತಿಲ್ಲವೇ?

ಕಲ್ಲೇನೋ ಬಂತು, ಅದರ ಮೇಲೆ ಜಯಕ್ಕನ ಬಳಿ ಇರುವ ಗಿಡಗಳನ್ನೇ ನೆಟ್ಟರೆ ಮಾನ ಎಲ್ಲಿ ಉಳಿಯಿತು? ಆ ಬೇಸಿಗೆ ರಜೆಯಲ್ಲಿ ಸಹೋದ್ಯೋಗಿಗಳ ಜೊತೆ ಮನಾಲಿಗೆ ಹೋದಾಗ ನನಗೆ ದಾರಿ ಕಂಡಿತು. ಉಳಿದವರು ಶಾಲು ಕೊಳ್ಳುತ್ತಿದ್ದರು. ನಾನು ಒಂದು ನರ್ಸರಿ ಹೊಕ್ಕು ಬಂಡೆಗೆ ಅಂಟಿ ಬೆಳೆಯುವ ಪರ್ವತದ ಗಿಡವೊಂದನ್ನು ಕೊಂಡೆ. ಅಂಗೈಯಗಲದ ಹಸಿರು ಮೆತ್ತೆ, ಅದರ ತುಂಬ ಗುಲಾಬಿ ಬಣ್ಣದ ಚುಕ್ಕಿಯಂಥ ಹೂವು. ಚಳಿಗಾಲವೆಲ್ಲ ಹಿಮದ ಕೆಳಗೆ ಮಲಗಿದ್ದು, ಹಿಮ ಕರಗಿದ ಮೇಲೆ ಅರಳುತ್ತದಂತೆ. ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ತಂದೆ. ಜಯಕ್ಕ ಗೋಡೆಗೆ ಗಲ್ಲ ಊರಿ, "ಎಂಥ ಚೆಂದಾಗದೆ ಕಣಮ್ಮಿ" ಎಂದಾಗ, ಪ್ರವಾಸದ ಆಯಾಸವೆಲ್ಲ ಇಳಿದುಹೋಯಿತು.

ಆ ಸುಖ ಹೆಚ್ಚು ದಿನ ಬಾಳಲಿಲ್ಲ. ಹಿಮಾಲಯದ ಗಿಡಕ್ಕೆ ನಮ್ಮ ಊರಿನ ಬೆಳಗಿನ ಬಿಸಿಲೇ ಆಗಲಿಲ್ಲ. ಒದ್ದೆ ಗೋಣಿಚೀಲ ಹೊದಿಸಿದೆ, ಬುಡಕ್ಕೆ ಐಸ್‌ಗಡ್ಡೆ ಇಟ್ಟೆ. ಕೊನೆಗೆ ಹಗಲೆಲ್ಲ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಮಲಗಿಸಿ, ಸಂಜೆ ಹೊರಗೆ ಗಾಳಿಗೆ ತರುತ್ತಿದ್ದೆ. ಅತ್ತೆ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಜಯಕ್ಕನಲ್ಲಿ ಇರುವವರು. ಆಗ ನಮ್ಮ ಸರದಿ. ಮೊಸರು ತೆಗೆಯಲು ಹೋದಾಗಲೆಲ್ಲ ಗಿಡವನ್ನು ನೋಡಿ ಲೊಚಗುಟ್ಟುತ್ತಿದ್ದರು. ಅದಕ್ಕೆ ಬಾಯಿದ್ದಿದ್ದರೆ ನಿನಗೆ ಚೆನ್ನಾಗಿ ಉಗಿಯುತ್ತಿತ್ತು ಎಂದು ಒಮ್ಮೆ ಹೇಳಿಯೂ ಬಿಟ್ಟರು. ಒಂದು ದಿನ ಮಧ್ಯಾಹ್ನ ಕರೆಂಟು ಹೋಗಿ ಸಂಜೆವರೆಗೂ ಬರಲಿಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ದೋಸೆಹಿಟ್ಟು ಉಬ್ಬಿ ಹೊರಗೆ ಬಂದಿತ್ತು, ಗಿಡ ಬೆಂದ ಸೊಪ್ಪಾಗಿತ್ತು.

ಜಯಕ್ಕ ಸಂತಾಪಕ್ಕೆ ಬಂದಳು. ಕೈಯಲ್ಲಿ ತನ್ನ ಟೇಬಲ್ ರೋಸಿನ ಒಂದು ಹಿಡಿ ಕಡ್ಡಿ. ನಿಜವಾಗಿಯೂ ಅವಳ ಕಣ್ಣು ತುಂಬಿತ್ತು. ಅವಳು ಒಳಗೊಳಗೇ ನಕ್ಕಿದ್ದರೆ ನಾನು ಕ್ಷಮಿಸುತ್ತಿದ್ದೆ. ಆ ಕಣ್ಣೀರನ್ನು ಇವತ್ತಿಗೂ ಕ್ಷಮಿಸಿಲ್ಲ. ಕಡ್ಡಿಗಳನ್ನು ನೆಡಲಿಲ್ಲ. ಅವು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಲ್ಲೇ ಬೇರುಬಿಟ್ಟು ಹೂವಾದದ್ದು ಬೇರೆ ವಿಚಾರ.

ಈ ವರ್ಷ ಯುಗಾದಿ ಮುಗಿದ ಮೇಲೆ ಜಯಕ್ಕ ನಾಗಮಂಗಲದಲ್ಲಿರುವ ಮಗಳ ಎರಡನೇ ಬಾಣಂತನಕ್ಕೆ ಹೊರಟಳು. ಭಾವನವರಿಗೆ ಹಸು ಬಿಟ್ಟರೆ ಬೇರೆ ಜೀವ ಕಣ್ಣಿಗೆ ಬೀಳುವುದಿಲ್ಲ. ಅವಳು ನೇರವಾಗಿ ನನ್ನ ಬಳಿ ಬಂದು, ನೀರಿನ ಪೈಪು ಕೈಗಿಟ್ಟು, "ನಿನ್ ಬುಟ್ರೆ ನಂಗ್ಯಾರವ್ರೆ, ಗಿಡ ನೋಡ್ಕೊ ಶಶಿ. ನೀರು ಜಾಸ್ತಿ ಆದ್ರೂ ಸತ್ತೋಯ್ತವೆ" ಎಂದಳು. ನನ್ನಂಥವಳಿಗೆ ಇಂಥ ಗುಟ್ಟು ಹೇಳಬಾರದು. ಅಡೇನಿಯಮ್ಮಿಗೆ ದಿನಾ ಎರಡು ಬಕೆಟ್ಟು ನೀರು ಪ್ರೀತಿಯಿಂದ ಸುರಿದರೆ ಸಾಕು, ಯಾರೂ ಕೇಳುವಂತಿಲ್ಲ. ಆ ಯೋಚನೆ ನನ್ನ ತಲೆಯೊಳಗೆ ಬಂದು ಚಾಪೆ ಹಾಸಿಕೊಂಡು ಕೂತಿತ್ತು. ಎಬ್ಬಿಸಿದ್ದು ಅತ್ತೆ. ಹುಣಸೆಹಣ್ಣು ಬಿಡಿಸುತ್ತಾ, ತಲೆ ಎತ್ತದೆಯೇ, "ಆ ಗಿಡ ಏನಾರ ಒಣಗ್ಲಿ, ಕೊಳೀಲಿ, ಊರೆಲ್ಲ ನಿನ್ ಕಣ್ಣೇ ಬಿತ್ತು ಅಂತದೆ ಕಣವ್ವ" ಎಂದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಶಾಲೆಗೆ ರಜೆ ಬಂದದ್ದರಿಂದ ದಿನವಿಡೀ ಆ ಕಲ್ಲುಗುಡ್ಡೆಯ ಮೇಲೇ ಇದ್ದೆ. ಬೆರಳು ಚುಚ್ಚಿ ತೇವ ನೋಡಿಯೇ ನೀರು ಹಾಕಿದೆ. ಕಂಬಳಿಹುಳು ಆರಿಸಿದೆ, ಮೇಕೆ ಅಟ್ಟಿದೆ, ಒಣಗಿದ ಹೂವು ಕಿತ್ತೆ, ನನ್ನ ಬದನೆಗೆಂದು ಇಟ್ಟಿದ್ದ ಹಳೇ ಗೊಬ್ಬರವನ್ನು ಸೋಸಿ ಅಲ್ಲಿಗೆ ಹಾಕಿದೆ. ನನ್ನ ಮಕ್ಕಳಿಗೂ ನಾನು ಹಾಗೆ ಮಾಡಿದವಳಲ್ಲ. ಆ ಗಿಡಗಳು ಕಲ್ಲೇ ಕಾಣದಂತೆ ಅರಳಿಬಿಟ್ಟವು. ಒಂದು ಬೆಳಿಗ್ಗೆ ನಮ್ಮ ಹೆಡ್‌ಮೇಡಂ ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ನಿಮ್ಮ ತೋಟ ಇಷ್ಟು ಚೆನ್ನಾಗಿದೆ ಅಂತ ಹೇಳಲೇ ಇಲ್ಲವಲ್ಲ ಎಂದು ಆಕ್ಷೇಪಿಸಿದರು. ನಾನು ಸುಳ್ಳು ಹೇಳಲಿಲ್ಲ. ಪೈಪು ಹಿಡಿದುಕೊಂಡು ಸುಮ್ಮನೆ ನಕ್ಕೆ. ಮಧ್ಯಾಹ್ನದೊಳಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ನಾನೂ ಹೂವೂ ಒಟ್ಟಿಗೆ ಇದ್ದೆವು.

ಬಾಣಂತನ ಮುಗಿಸಿ ಜಯಕ್ಕ ಬಂದಳು. ಚೀಲವನ್ನೂ ಕೆಳಗಿಡದೆ ಗುಡ್ಡೆಯ ಮುಂದೆ ನಿಂತಳು. ಒಂದೊಂದೇ ಹೂವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, "ನಾನಿದ್ದಾಗ ಒಂದ್ ವರ್ಷನೂ ಇಂಗೆ ಹೂವ ಬುಟ್ಟಿರ್ಲಿಲ್ಲ" ಅಂದಳು. ಧ್ವನಿ ಸಣ್ಣಗಾಗಿತ್ತು. ಅವಳ ಮುಖದ ಆ ಕಳೆಯನ್ನು ನಾನು ಕೂಡಲೇ ಗುರುತು ಹಿಡಿದೆ. ಕಿಟಕಿಯ ಗಾಜಿನಲ್ಲಿ ನನ್ನದೇ ಮುಖದ ಮೇಲೆ ಅದನ್ನು ವರ್ಷಗಟ್ಟಲೆ ನೋಡಿದ್ದೇನಲ್ಲ. ಅವತ್ತು ನಮ್ಮ ಮನೆಯಲ್ಲಿ ಪಾಯಸ. ಯಾಕೆಂದು ಗಂಡ ಕೇಳಿದರು, ಜಯಕ್ಕನಿಗೆ ಮೊಮ್ಮಗು ಆಗಿದೆಯಲ್ಲ ಎಂದೆ.

ಇಲ್ಲಿಗೆ ನನ್ನ ಸಂಕಟ ಮುಗಿಯಬೇಕಿತ್ತು. ಮರುದಿನ ಗೋಡೆಯ ಬಳಿ ನಿಂತಿದ್ದೆ. ಯಾರೋ ನಾಲ್ಕು ಜನ ಹೆಂಗಸರು ಹೂವು ನೋಡಲು ಬಂದಿದ್ದರು. ಜಯಕ್ಕ ಸೆರಗು ಸಿಕ್ಕಿಸಿಕೊಂಡು, ಇದಕ್ಕೆ ಇಂಥ ಗೊಬ್ಬರ, ಅದಕ್ಕೆ ಇಷ್ಟೇ ನೀರು ಎಂದು ಎಲ್ಲವನ್ನೂ ವಿವರಿಸುತ್ತಿದ್ದಳು. ನಾನು ಕಂಬಳಿಹುಳು ಆರಿಸಿದ ಗಿಡ, ನನ್ನ ಗೊಬ್ಬರ ತಿಂದ ಹೂವು, ಎಲ್ಲವೂ ಅವಳ ಬಾಯಲ್ಲಿ ಅವಳದೇ ಆಗಿತ್ತು. ಇಷ್ಟು ಕಾಲ ಅವಳ ತೋಟ ನೋಡಿ ಉರಿದುಕೊಂಡವಳು ನಾನು. ಈಗ ನನ್ನ ತೋಟವನ್ನು ಅವಳು ಇಟ್ಟುಕೊಂಡಿದ್ದಾಳಲ್ಲ ಎಂದು ಉರಿದುಕೊಳ್ಳುತ್ತಿದ್ದೇನೆ. ನಾಗಮಂಗಲದಲ್ಲಿರುವ ಜಯಕ್ಕನ ಮಗಳಿಗೆ ಫೋನು ಮಾಡಿ, ಎರಡೇ ಮಕ್ಕಳು ಸಾಕೇನವ್ವ ಎಂದು ಕೇಳೋಣವೆಂದಿದ್ದೇನೆ.